ದನಿ ಹೋದ ಭಾನುವಾರ

ಶನಿವಾರ ಬೆಳಿಗ್ಗೆ ಎದ್ದಾಗ ಗಾರ್ಡನ್ ಹ್ಯಾಡ್ಲಾಕ್‌ನ ಗಂಟಲಿನಿಂದ ಬರೀ ಗಾಳಿ ಹೊರಟಿತು. ಅವನು ಸರೋವರದ ದಡದ ಈರಿ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಈರಿ ಹೆರನ್ಸ್‌ನ ಮುಖ್ಯ ಕೋಚ್. ಹಿಂದಿನ ದಿನ ಸರೋವರದ ಗಾಳಿಗೆ ಎದುರಾಗಿ ಅಭ್ಯಾಸದುದ್ದಕ್ಕೂ ಕೂಗಾಡಿದ್ದ. ವೈದ್ಯೆ ಗಂಟಲು ನೋಡಿ, "ಮಂಗಳವಾರದವರೆಗೂ ಮಾತೇ ಆಡೋ ಹಾಗಿಲ್ಲ. ಪಿಸುಗುಡೋದೂ ಬೇಡ," ಎಂದಳು.

ಪಕ್ಕದಲ್ಲಿದ್ದ ಹೆಂಡತಿ ಲೊರೇನ್, "ಮದುವೆಯಾದ ವರ್ಷಾನೇ ಈ ಔಷಧಿ ಬರ್ಕೊಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಡಾಕ್ಟ್ರೇ," ಎಂದು ನಕ್ಕಳು. ಗಾರ್ಡನ್‌ಗೆ ನಗು ಬರಲಿಲ್ಲ. ಮಾರನೆಯ ದಿನ ಪಂದ್ಯವಿತ್ತು.

ಚೆಂಡು ತಂಡದ ಕೈಯಲ್ಲಿದ್ದಾಗ ಮುಂದಿನ ನಡೆ ಯಾವುದೆಂದು ಮೈದಾನದಂಚಿನಿಂದ ಒಬ್ಬರು, ಮೈದಾನದೊಳಗೆ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನೊಳಗಿನ ರೇಡಿಯೊಗೆ ಹೇಳಬೇಕು. ಹೆರನ್ಸ್‌ನಲ್ಲಿ ಆ ದನಿ ಗಾರ್ಡನ್‌ನದು. ದಾಳಿಯ ವಿಭಾಗಕ್ಕೆಂದೇ ಡೆಲ್ರಾಯ್ ಓಕ್ಸ್ ಎಂಬ ಕೋಚ್ ಇದ್ದ; ವಾರವಿಡೀ ನಡೆಗಳನ್ನು ಹೆಣೆಯುವವನು ಅವನೇ, ಭಾನುವಾರ ಬಾಯಿ ಮುಚ್ಚಿಕೊಂಡು ನಿಲ್ಲುವವನೂ ಅವನೇ. ಸಾಲಾಗಿ ನಾಲ್ಕು ಪಂದ್ಯ ಸೋತ ಮೇಲೆ ಊರಿನ ಬಾರುಗಳಲ್ಲಿ, ಕ್ಷೌರದಂಗಡಿಗಳಲ್ಲಿ ಇದೇ ಮಾತು. ಎಲ್ಲವನ್ನೂ ನೋಡಿಕೊಳ್ಳಬೇಕಾದವನು ನಡೆಯನ್ನೂ ತಾನೇ ಹೇಳುತ್ತಿದ್ದರೆ ಉಳಿದದ್ದಕ್ಕೆ ಗತಿ ಯಾರು? ಗಾರ್ಡನ್ ಕಿವಿಗೆ ಹಾಕಿಕೊಂಡಿರಲಿಲ್ಲ. ನಡೆ ಹೇಳುವ ಚುರುಕಿನಿಂದಲೇ ಮೇಲೆ ಬಂದವನು ಅವನು. ಅದನ್ನೂ ಬಿಟ್ಟುಕೊಟ್ಟರೆ ತಾನು ಯಾತಕ್ಕೆ ಬೇಕು ಎಂಬ ಅಳುಕು ಒಳಗೊಳಗೇ ಇತ್ತು. ಲೊರೇನ್‌ಗೂ ಅದನ್ನು ಹೇಳಿರಲಿಲ್ಲ.

ಭಾನುವಾರ ಕೊರಳಿಗೆ ಪುಟ್ಟ ಬಿಳಿ ಹಲಗೆ ನೇತುಹಾಕಿಕೊಂಡು ಬಂದ.

"ಕೋಚ್, ನಿಜವಾಗ್ಲೂ ನಾನೇ ಹೇಳ್ಲಾ?" ಎಂದು ಡೆಲ್ರಾಯ್ ಕೇಳಿದ.

'ಇನ್ಯಾರು, ಬ್ಯಾಂಡಿನವರಾ?' ಎಂದು ಗಾರ್ಡನ್ ಬರೆದು ತೋರಿಸಿದ.

ಮೊದಲ ಭಾಗವಿಡೀ ಅವನು ಡೆಲ್ರಾಯ್‌ಗೆ ಅಂಟಿಕೊಂಡೇ ನಿಂತಿದ್ದ. ಪ್ರತಿ ನಡೆಗೂ 'ನಾನಾಗಿದ್ದರೆ ಇದಲ್ಲ, ಅದು' ಎಂದು ಮನಸ್ಸು ಕುಟುಕುತ್ತಿತ್ತು. ಎರಡನೆಯ ಭಾಗದಲ್ಲಿ ಅಂಕದ ಗೆರೆಗೆ ಇನ್ನೇನು ಮೂರು ಗಜ ಉಳಿದಿದ್ದಾಗ ಡೆಲ್ರಾಯ್ ಚೆಂಡು ಎಸೆಯುವ ನಡೆ ಹೇಳಿದ. ಎಸೆಯದೆ ಹಿಡಿದು ಓಡಿಸಬೇಕಿತ್ತು ಎಂದು ಗಾರ್ಡನ್ ಹಲಗೆ ಎತ್ತುವಷ್ಟರಲ್ಲಿ ಚೆಂಡು ಎದುರಾಳಿಯ ಕೈಸೇರಿ, ಅವನು ಅದರೊಂದಿಗೆ ಮೈದಾನದ ಆ ತುದಿಗೆ ಓಡಿ ಅಂಕ ಗಳಿಸಿಯಾಗಿತ್ತು. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಛೀಮಾರಿ ಹಾಕಿತು.

ಡೆಲ್ರಾಯ್ ನೆಲ ನೋಡುತ್ತ ನಿಂತುಬಿಟ್ಟ. ಅವನು ಯಾರ ಕಡೆಗೂ ನೋಡಲಿಲ್ಲ. ಗಾರ್ಡನ್‌ಗೆ ಆ ನಿಲುವಿನ ಗುರುತು ಚೆನ್ನಾಗಿಯೇ ಇತ್ತು. ಎಷ್ಟೋ ವರ್ಷ ತಾನೂ ಹೀಗೇ ನಿಂತಿದ್ದ, ಸುತ್ತ ಇದ್ದವರೆಲ್ಲ ಎರಡೆರಡು ಹೆಜ್ಜೆ ಹಿಂದೆ ಸರಿದಿದ್ದರು. ಅವನು ಡೆಲ್ರಾಯ್‌ನ ಪಕ್ಕಕ್ಕೆ ಹೋಗಿ ಭುಜಕ್ಕೆ ಭುಜ ತಾಗಿಸಿ ನಿಂತ. ಹಲಗೆ ಒರೆಸಿ ಬರೆದ: 'ಮುಂದಿನದು ಹೇಳು.'

ಚೆಂಡು ಮತ್ತೆ ಕೈಗೆ ಬಂದಾಗ ಡೆಲ್ರಾಯ್ ಮುಂದಿನದು ಹೇಳಿದ. ಅದಾದ ಮೇಲೆ ಗಾರ್ಡನ್ ಅವನನ್ನು ಅವನ ಪಾಡಿಗೆ ಬಿಟ್ಟು ಅಂಚಿನುದ್ದಕ್ಕೂ ನಡೆಯತೊಡಗಿದ. ಏಟು ತಿಂದು ಬಂದವರ ಬೆನ್ನು ತಟ್ಟಿದ. ಬೆಂಚಿನ ಕೊನೆಯಲ್ಲಿ ಕಂಬಗಳ ನಡುವೆ ಚೆಂಡು ಒದ್ದು ಅಂಕ ತರುವ ಒದೆಗಾರ ಟಾಯ್ವೊ ಕಂಬಳಿ ಹೊದ್ದು ಒಬ್ಬನೇ ಕೂತಿದ್ದ.

"ಏನ್ ಕೋಚ್, ದಾರಿ ತಪ್ಪಿ ಬಂದ್ರಾ?"

'ಇವತ್ತು ಎಷ್ಟು ದೂರದಿಂದ ಹೊಡೀತೀಯ?' ಎಂದು ಗಾರ್ಡನ್ ಬರೆದ.

"ಸರೋವರದ ಕಡೆ ಕಂಬಕ್ಕೆ ಗಾಳಿ ಎದುರು, ನಲವತ್ತು ಗಜ ದಾಟಿದ್ರೆ ದೇವರೇ ಗತಿ. ಊರ ಕಡೆ ಕಂಬಕ್ಕಾದ್ರೆ ಐವತ್ತೈದು, ಕಣ್ಮುಚ್ಕೊಂಡು. ಬಂದಾಗಿನಿಂದ ಇದನ್ನ ಯಾರೂ ಕೇಳಿರ್ಲಿಲ್ಲ ನೋಡಿ."

ಕೊನೆಯ ಘಟ್ಟದಲ್ಲಿ ಹೆರನ್ಸ್ ಎರಡು ಅಂಕ ಹಿಂದಿತ್ತು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಸಾಗಿದರಷ್ಟೇ ಚೆಂಡು ಕೈಯಲ್ಲುಳಿಯುತ್ತದೆ; ಈಗ ಮೈದಾನದ ನಡುವೆ ನಾಲ್ಕನೆಯ, ಕೊನೆಯ ಯತ್ನ, ಬೇಕಾದದ್ದು ಒಂದೇ ಗಜ. ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟರೆ ಸುರಕ್ಷಿತ. ಆಡಿ ಎಡವಿದರೆ ಪಂದ್ಯವೇ ಕೈತಪ್ಪಿದಂತೆ. ಬೇರೆ ಭಾನುವಾರವಾಗಿದ್ದರೆ ಗಾರ್ಡನ್ ಈ ಹೊತ್ತಿಗೆ ಮುಂದಿನ ನಡೆ ಹುಡುಕುವುದರಲ್ಲೇ ಮುಳುಗಿರುತ್ತಿದ್ದ. ಈಗ ಸುತ್ತ ನೋಡಲು ಅವನಿಗೆ ಪುರುಸೊತ್ತಿತ್ತು. ಎದುರಾಳಿ ಸಾಲಿನ ನಡುವಿನ ದೈತ್ಯ ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದ. ಹೆರನ್ಸ್ ಹೊರಟಿದ್ದು ಟಾಯ್ವೊ ಹೇಳಿದ್ದ ಊರ ಕಡೆಯ ಕಂಬಕ್ಕೆ.

'ಆಡು' ಎಂದು ಬರೆದು ಡೆಲ್ರಾಯ್‌ಗೆ ಹಿಡಿದು, ದೈತ್ಯನ ಕಡೆ ಬೆರಳು ತೋರಿಸಿದ.

"ಏನಾಡ್ಸ್ಲಿ ಕೋಚ್?"

ಗಾರ್ಡನ್ ಎರಡೂ ಕೈ ಚಾಚಿ ಅವನಿಗೇ ಒಪ್ಪಿಸಿದ. ಡೆಲ್ರಾಯ್ ರೇಡಿಯೊದಲ್ಲಿ ಏನೋ ಹೇಳಿದ. ಇಡೀ ಸಾಲು ಆ ದಣಿದ ದೈತ್ಯನ ಮೇಲೇ ನುಗ್ಗಿತು. ಗಜ ಸಿಕ್ಕಿತು. ಮತ್ತೊಂದಿಷ್ಟು ಮುಂದೆ ಸರಿದ ಮೇಲೆ ಟಾಯ್ವೊ ಕಂಬಳಿ ಕೊಡವಿ ಎದ್ದು ಹೋಗಿ ಕಂಬಗಳ ನಟ್ಟನಡುವೆ ಒದ್ದ. ಮೂರು ಅಂಕ ಬಂತು, ಒಂದು ಅಂಕದ ಗೆಲುವು.

ಬುಧವಾರದ ಹೊತ್ತಿಗೆ ಗಾರ್ಡನ್‌ಗೆ ದನಿ ಮರಳಿತ್ತು. ಡೆಲ್ರಾಯ್ ಅವನ ಕೋಣೆಗೆ ಬಂದು ರೇಡಿಯೊ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. "ತಗೊಳಿ ಕೋಚ್, ನಿಮ್ಮ ಸಿಂಹಾಸನ."

"ಇಟ್ಕೊಳಯ್ಯಾ."

"ಈ ವಾರಕ್ಕಾ?"

"ಇಲ್ಲಿರೋವರ್ಗೂ. ಕೊನೇ ಯತ್ನ ಆಡ್ಬೇಕಾ, ಒದೀಬೇಕಾ, ಅದು ನನ್ ತಲೆನೋವು. ಏನಾಡ್ಬೇಕು ಅನ್ನೋದು ನಿಂದು."

ಡೆಲ್ರಾಯ್ ಪೆಟ್ಟಿಗೆಯನ್ನು ಮುಟ್ಟಲಿಲ್ಲ. "ಮತ್ತೆ ಎಡವಟ್ಟು ಮಾಡಿದ್ರೆ?"

"ಮಾಡೇ ಮಾಡ್ತೀಯ. ನಾನೇನು ಕಮ್ಮಿ ಮಾಡಿದೀನಾ? ಆವಾಗ ಪಕ್ಕಕ್ಕೆ ಬಂದು ನಿಂತ್ಕೊತೀನಿ. ನನಗೆ ಯಾರೂ ನಿಂತಿರ್ಲಿಲ್ಲ."

ಮುಂದಿನ ಭಾನುವಾರ ಹೆರನ್ಸ್ ಸೋತಿತು. ನಡೆ ಹೇಳುವ ಕೆಲಸ ವಾಪಸ್ ತಗೋತೀರಾ ಎಂದು ಪತ್ರಕರ್ತರು ಮುಗಿಬಿದ್ದಾಗ ಗಾರ್ಡನ್, "ಇಲ್ಲ. ಅವನು ಚೆನ್ನಾಗೇ ಹೇಳಿದ, ಎದುರಿನವರು ಇನ್ನೂ ಚೆನ್ನಾಗಿ ಆಡಿದ್ರು," ಎಂದು ಎದ್ದುಬಂದ.

ಆ ಸಂಜೆ ಲೊರೇನ್ ಬೆಣ್ಣೆಯಲ್ಲಿ ಈರುಳ್ಳಿ ಹುರಿದು ಪಿರೋಗಿ ಎಂಬ ಆಲೂಗಡ್ಡೆ ಕಡುಬು ಮಾಡಿದ್ದಳು. ಸೋತ ದಿನ ತಟ್ಟೆಯನ್ನು ಹಾಗೇ ಸರಿಸಿ ಎದ್ದುಹೋಗುತ್ತಿದ್ದವನು ಇವತ್ತು ಎರಡನೆಯ ಸಲ ಬಡಿಸಿಕೊಂಡ.

"ಸೋತಿದೀರ ಅನ್ನೋದು ಗೊತ್ತಾಯ್ತು ತಾನೇ?" ಎಂದು ಕೇಳಿದಳು.

"ಗೊತ್ತಾಯ್ತು. ಟಾಯ್ವೊಗೆ ಅವಳಿ ಹೆಣ್ಣುಮಕ್ಕಳಂತೆ ಕಣೇ. ಒಂದು ಎಡಗಾಲಲ್ಲಿ ಒದೆಯತ್ತೆ, ಒಂದು ಬಲಗಾಲಲ್ಲಿ ಅಂತಾನೆ," ಎಂದು ಅವನು ಪಿರೋಗಿ ಮುರಿಯುತ್ತ ಹೇಳತೊಡಗಿದ. ಊಟ ಮುಗಿದು ತಟ್ಟೆ ಒಣಗಿದರೂ ಅವನ ಹುಡುಗರ ಸುದ್ದಿ ಮುಗಿಯಲಿಲ್ಲ. ಲೊರೇನ್ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಲೇ ಕೂತಿದ್ದಳು.