ಸಾದಾ ಇಲಿಗಳ ಕೋಣೆಗೆ ಸುಣ್ಣ ಎರಚಿದವರು

1. ಈ ಕತೆಯನ್ನು ಇಲಿಯಿಂದ ಶುರು ಮಾಡಲೋ, ಮೇಘನಳಿಂದಲೋ? ಇಲಿಗೆ ಓದುಗರು ಕಮ್ಮಿ. ಸರಿ, ಮೇಘನ. ಯಲ್ದೂರಿನವಳು, ರೇಷ್ಮೆಹುಳು ಸಾಕುವ ಮನೆಯ ಮಗಳು. ಕೋಲಾರದ ಒಂದು ಲ್ಯಾಬಿನಲ್ಲಿ ಇಲಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ.

(ಲ್ಯಾಬಿನ ಹೆಸರು ಕೇಳಬೇಡಿ. ನನಗೂ ಹೆಂಡತಿ ಮಕ್ಕಳಿದ್ದಾರೆ.)

2. ವಿಜ್ಞಾನ ಇಷ್ಟೇ. ಮೈಗೆ ಪೆಟ್ಟಾದರೆ ಜೀವಕೋಶಗಳು ಸೈಟೊಕೈನ್ ಎಂಬ ಪ್ರೋಟೀನುಗಳನ್ನು ಬಿಟ್ಟು 'ಬನ್ರಪ್ಪೋ' ಎಂದು ಕೂಗುತ್ತವೆ. ಕಾವಲು ಕೋಶಗಳು ಓಡಿ ಬರುತ್ತವೆ, ಉರಿಯೂತವಾಗುತ್ತದೆ. ಮೇಘನಳ ಅರ್ಧ ಇಲಿಗಳಲ್ಲಿ ಈ ಕೂಗು ಹುಟ್ಟಿನಿಂದಲೇ ನಿಲ್ಲದಂತೆ ಮಾಡಿದ್ದಾರೆ. ಕೇಳಿ ಕೇಳಿ ಕಾವಲಿನವು ಸುಸ್ತು. ನಂಗಲಿ ಹೈವೇಯಲ್ಲಿ ಲಾರಿ ಹಾರ್ನಿಗೆ ಯಾರು ತಿರುಗಿ ನೋಡುತ್ತಾರೆ? ನಿಜವಾದ ಸೋಂಕು ಬಂದಾಗ ಒಂದೂ ಏಳುವುದಿಲ್ಲ. ಮಿಕ್ಕ ಅರ್ಧ, ಹೋಲಿಸಿ ನೋಡಲು ಇಟ್ಟ ಸಾದಾ ಇಲಿಗಳು.

3. ಎಡವಟ್ಟಾಗಿದ್ದು ಇಲ್ಲೇ. ಸಾದಾ ಇಲಿಗಳ ಶ್ವಾಸಕೋಶದಲ್ಲೂ ಉರಿಯೂತ! ಯಾರೋ ಆ ಕೋಣೆಯ ನೆಲಕ್ಕೆ ಸುಣ್ಣ, ಬ್ಲೀಚಿಂಗ್ ಪುಡಿ ಎರಚಿದ್ದರು. ಧೂಳು ಇಲಿಗಳ ಮೂಗಿಗೆ ಹೋಗಿತ್ತು. ಇನ್ನು ಹೋಲಿಸುವುದು ಯಾವುದರ ಜೊತೆ? ಗೈಡ್ ಅಮರನಾಥ್ ಕೂಗಾಡಿದರು. (ಅವರ ಸೈಟೊಕೈನ್ ಅಳೆಯುವ ಕಿಟ್ ಇನ್ನೂ ಬಂದಿಲ್ಲ.)

ನಾನು ಬರೆದೆ: 'ಪಂಜರ ತೊಳೆಯುವ ಆಂಜಿನಪ್ಪ ತಿಳಿಯದೆ ಎರಚಿದ್ದ.' ಅಮರನಾಥರಿಗೂ ಅದೇ ಹಿಡಿಸಿತು. ನಾಳೆಯಿಂದ ಬರಬೇಡ ಅಂದರು.

4. "ಸಾರ್, ಅದನ್ನ ಕಾಟು ಹಾಕಿ," ಎಂದು ಮೇಘನ ಪುಟದೊಳಗಿಂದಲೇ ಸಿಡುಕಿದಳು. "ಎರಚಿದ್ದು ನಾನು. ಹುಳದ ಮನೆಗೆ ರೋಗ ಬರ್ದೇ ಇರ್ಲಿ ಅಂತ ಚಿಕ್ಕೋಳಿದ್ದಾಗ್ಲಿಂದ ಹಾಕಿದೀನಿ. ಕೈ ತಾನಾಗೇ ಹೋಯ್ತು."

"ನೀನು ಅಂತ ಬರೆದ್ರೆ ಥೀಸಿಸ್ ಗೋವಿಂದ ಕಣಮ್ಮ. ಬಡವನ ತಲೆಗೆ ಕಟ್ಟೋದು ವಾಡಿಕೆ. ಓದುಗರೂ ಎರಡು ಹನಿ ಕಣ್ಣೀರು ಹಾಕ್ತಾರೆ."

"ನಿಮ್ಮ ಓದುಗರ ಕಣ್ಣೀರಿಗೆ ಆಯಪ್ಪನ ಕೆಲ್ಸ ಹೋಗ್ಬೇಕಾ?"

ನನಗೆ ನಾಚಿಕೆಯಾಯಿತು. (ಆಂಜಿನಪ್ಪನ ಸಾಲನ್ನು ಮಾತ್ರ ಅಳಿಸಲಿಲ್ಲ. ಚೆನ್ನಾಗಿ ಬಂದಿತ್ತು.)

7. (ಐದು, ಆರು ಹರಿದು ಹಾಕಿದೆ.) ಮುಕ್ತಾಯ ನೀವೇ ಆರಿಸಿ. ಅವಳು ಒಪ್ಪಿಕೊಂಡು ಥೀಸಿಸ್ ಕಳೆದುಕೊಳ್ಳುತ್ತಾಳೆ. ಇಲ್ಲವೇ ಬಾಯಿ ಮುಚ್ಚಿಕೊಂಡು ಡಾಕ್ಟರ್ ಮೇಘನ ಆಗುತ್ತಾಳೆ. ಇಲ್ಲವೇ ಅಮರನಾಥ್ ಕರಗಿ ಇಬ್ಬರಿಗೂ ಕಾಫಿ ತರಿಸುತ್ತಾರೆ. (ಅವರನ್ನು ಕಂಡವರು ಇದನ್ನು ನಂಬುವುದಿಲ್ಲ.)

ನಾನಿನ್ನೂ ತೂಗಿ ನೋಡುತ್ತಿರುವಾಗಲೇ ಮೇಘನ, ಹುಳದ ಮನೆಗೆ ಹೋಗುವವಳ ಹಾಗೆ ಚಪ್ಪಲಿ ಹೊರಗೆ ಬಿಟ್ಟು, ಗೈಡ್ ರೂಮಿಗೆ ನುಗ್ಗಿ ಬಾಗಿಲು ಹಾಕಿಕೊಂಡಳು. ಒಳಗಿನ ಮಾತು ನನಗೂ ಕೇಳಿಸುತ್ತಿಲ್ಲ.

ಚಪ್ಪಲಿಗಳ ಪಕ್ಕದಲ್ಲಿ ಆಂಜಿನಪ್ಪ ಊಟದ ಡಬ್ಬಿ ಹಿಡಿದು ನಿಂತಿದ್ದಾನೆ.

"ಸಾ, ಬರೆಯೋರು ನೀವೇ ಅಲ್ವಾ? ನಾಳೆ ನಾನು ಬರ್ಲಾ, ಬ್ಯಾಡ್ವಾ?"