ಸಮುದ್ರಕ್ಕೆ ಕೊಟ್ಟ ಬಾಗಿನ

ತುಮಕೂರಿನಿಂದ ಬೆಳಗಿನ ಜಾವ ಹೊರಟ ಕಾರು ಕುಣಿಗಲ್ ದಾಟುವಷ್ಟರಲ್ಲೇ ತ್ರಿವೇಣಿಗೆ ಈ ಪ್ರವಾಸ ಸಾಕಾಗಿತ್ತು. ಒಂದೇ ದಿನದಲ್ಲಿ ಘಾಟಿಯನ್ನೂ ಸಮುದ್ರವನ್ನೂ ನೋಡಿ ಬರುವುದೆಂದರೆ ಹುಡುಗಾಟವೇ? ಶಿರಾಡಿಯ ತಿರುವುಗಳಲ್ಲಿ ಲಾರಿ ಎದುರಾದಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ಗಂಡ ಶಿವಮೂರ್ತಿ ಮಾತ್ರ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಿದ್ದ. ಹೋದ ವರ್ಷ ಗುಬ್ಬಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಹನ್ನೊಂದು ದಿನ ಎಚ್ಚರವಿಲ್ಲದೆ ಮಲಗಿದ್ದವನು ಇವನೇ ಎಂದರೆ ಯಾರೂ ನಂಬುತ್ತಿರಲಿಲ್ಲ.

ಮಗ ಕಣ್ಣು ಬಿಟ್ಟರೆ ಗಂಗಮ್ಮನಿಗೆ ಬಾಗಿನ ಕೊಡುತ್ತೇನೆಂದು ಆಗ ಹರಕೆ ಹೊತ್ತವರು ಅತ್ತೆ ರಂಗಲಕ್ಷ್ಮಮ್ಮ. ಊರ್ಡಿಗೆರೆ ಕಡೆಯ ಹೆಣ್ಣುಮಗಳು. ಅವರ ಪಾಲಿಗೆ ಗಂಗಮ್ಮನೆಂದರೆ ಕೋಡಿ ಬಿದ್ದ ಕೆರೆ. ಈ ವರ್ಷ ಕೆರೆ ತುಂಬಲಿಲ್ಲ. "ಕೆರೆಗಿಂತ ಸಮುದ್ರ ದೊಡ್ಡದಲ್ವೇನೋ? ಅಲ್ಲೇ ಕೊಡ್ತೀನಿ" ಎಂದು ಹಟ ಹಿಡಿದರು. ಮೊರದಲ್ಲಿ ಅಕ್ಕಿ, ಬೆಲ್ಲ, ಬಳೆ, ಅರಿಶಿನ ಕುಂಕುಮ ತುಂಬಿ, ಇನ್ನೊಂದು ಮೊರ ಮುಚ್ಚಿ ಕಟ್ಟಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡೇ ಬಂದರು.

ಮಂಗಳೂರಿನ ಕಡಲ ದಂಡೆ ಸೇರಿದಾಗ ಮಧ್ಯಾಹ್ನ. ಶಿವಮೂರ್ತಿ ಕಾರು ನಿಲ್ಲಿಸಲು ಜಾಗ ಹುಡುಕಿಕೊಂಡು ಹೋದ. ಅತ್ತೆ ಸೀರೆ ಎತ್ತಿಕಟ್ಟಿ, ಮೊಣಕಾಲುದ್ದ ನೀರಿಗಿಳಿದು, ಬಾಗಿನ ಬಿಟ್ಟು ಕೈಮುಗಿದರು. ಕೆರೆಯಾಗಿದ್ದರೆ ಅದು ತನ್ನಷ್ಟಕ್ಕೆ ತೇಲಿ ಹೋಗುತ್ತಿತ್ತು. ಇಲ್ಲಿ ಅಲೆ ಅದನ್ನು ಹೊತ್ತು ತಂದು ಅವರ ಕಾಲ ಬುಡಕ್ಕೇ ಹಾಕಿತು.

ಅತ್ತೆಯ ಮುಖ ಬಿಳಿಚಿಕೊಂಡಿತು. "ಬೇಡ ಅಂದ್ಬುಟ್ಲು ಕಣೇ! ನನ್ ಮಗನ್ನ ವಾಪಸ್ ಕೇಳ್ತಾವ್ಳೆ!"

"ಅಲೆ ಇರೋದೇ ಹಂಗೆ ಅತ್ತೆ. ಈಚೆಗ್ ಬನ್ನಿ!"

ಕೇಳುವವರು ಯಾರು? ಬಾಗಿನ ಎತ್ತಿಕೊಂಡು ಇನ್ನೂ ಮುಂದೆ ಹೋದರು. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ದೂರದಲ್ಲಿ ದಂಡೆಯ ಕಾವಲುಗಾರ ಸೀಟಿ ಊದುತ್ತ ಓಡಿಬರುತ್ತಿದ್ದ. ದೊಡ್ಡದೊಂದು ಅಲೆ ಎದ್ದು ಬಿತ್ತು. ಅತ್ತೆ ಕಾಣಲಿಲ್ಲ.

ತ್ರಿವೇಣಿ ಬಾವಿಗೆ ಬಗ್ಗಿ ನೋಡಲೂ ಹೆದರುವವಳು. ಹೇಗೆ ನೀರಿಗೆ ನುಗ್ಗಿದಳೋ ಅವಳಿಗೇ ಗೊತ್ತಿಲ್ಲ. ಕಾಲಡಿಯ ಮರಳು ಜಾರಿತು, ಬಾಯಿ ತುಂಬ ಉಪ್ಪುನೀರು, ಸತ್ತೇ ಹೋದೆ ಅಂದುಕೊಂಡಳು. ಅಷ್ಟರಲ್ಲಿ ಕೈಗೆ ಸಿಕ್ಕಿದ್ದು ಅತ್ತೆಯ ತುರುಬು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಅವರೆದುರು ದನಿ ಎತ್ತದ ಸೊಸೆ, ಆ ತುರುಬು ಹಿಡಿದು ದರದರನೆ ಎಳೆದಳು. ಕಾವಲುಗಾರ ಬಂದು ಇಬ್ಬರನ್ನೂ ದಡಕ್ಕೆ ಹಾಕಿದ.

ಅತ್ತೆ ನೀರು ಕಕ್ಕಿದರು, ಆಮೇಲೆ ಅಲೆ ಮತ್ತೆ ದಡಕ್ಕೆ ತಂದು ಹಾಕಿದ್ದ ಮೊರ ಕಂಡು ಗೊಳೋ ಎಂದು ಅತ್ತರು. "ನನ್ ಬಾಗಿನ ತಗೊಳ್ಳಿಲ್ಲ ಕಣೇ. ಮಗನ್ ಗತಿ ಏನೇ?"

ತ್ರಿವೇಣಿಗೆ ಭಯವೂ ಸಿಟ್ಟೂ ಒಟ್ಟಿಗೇ ಬಂದವು. "ಸುಮ್ಕಿರಿ ಅತ್ತೆ! ಮಗನ್ನೂ ವಾಪಸ್ ಕೊಟ್ಳು, ನಿಮ್ಮನ್ನೂ ವಾಪಸ್ ಕೊಟ್ಳು. ಇನ್ನೇನ್ ಕೊಡ್ಬೇಕು ಅವ್ಳು?"

ಅತ್ತೆಯ ಅಳು ನಿಂತಿತು. ತುರುಬು ಹಿಡಿದ ಮುಷ್ಟಿ ಬಿಚ್ಚಲು ತ್ರಿವೇಣಿಯಿಂದ ಇನ್ನೂ ಆಗಿರಲಿಲ್ಲ. ಬಿಡು ಎಂದು ಅತ್ತೆಯೂ ಹೇಳಲಿಲ್ಲ.