ತರಬೇತುದಾರರ ಹೆಸರು

ಕೆಳಗಿನ ಲಾಂಡ್ರಿಯಿಂದ ‘ಬಂದೆ’ ಎಂದು ಕೂಗಿ, ಒದ್ದೆ ಬಟ್ಟೆಯ ಬುಟ್ಟಿ ಹೆಗಲಿಗೇರಿಸಿ, ಎರಡೆರಡು ಮೆಟ್ಟಿಲು ಹಾರುತ್ತ ಅವಳು ತಾರಸಿ ತಲುಪಿದಳು. ಅಲ್ಲಿನ ಒಂಟಿ ಕೋಣೆಯೇ ಅವರ ಮನೆ. ಬಾಗಿಲಲ್ಲಿ ಕೂತಿದ್ದ ಅಪ್ಪ ಗಡಿಯಾರ ನೋಡಿದ.

“ಮೂವತ್ತೊಂದು ಸೆಕೆಂಡು. ಕಾಲು ಕೆಳಗೇ ಮರೆತು ಬಂದ್ಯೇನೇ?”

“ನಿನ್ನ ಗಡಿಯಾರಕ್ಕೆ ಹೊಟ್ಟೆಕಿಚ್ಚು, ಅಪ್ಪ.”

ಹಿಂದೆಯೇ ಏದುಸಿರು ಬಿಡುತ್ತ ಕಾಲೇಜಿನ ಕೋಚ್ ಹತ್ತಿಬಂದರು.

ಲಾಂಡ್ರಿಯ ಬುಟ್ಟಿ ಹೊರುತ್ತಿದ್ದ ಅಪ್ಪ ಇದೇ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಆ ಕೆಲಸ ಅವಳ ಪಾಲಿಗೆ ಬಂದಿತ್ತು. ನೀರು ತೊಟ್ಟಿಕ್ಕಿದರೆ ಮೂರನೇ ಮಹಡಿಯವರು ಬೈಯುತ್ತಿದ್ದರು. ತೊಟ್ಟಿಕ್ಕುವ ಮೊದಲೇ ಅವರ ಬಾಗಿಲು ದಾಟುವುದನ್ನು ಕಲಿಸಿದವನು ಅಪ್ಪ. ಮೊಣಕಾಲು ಎಷ್ಟು ಎತ್ತಬೇಕು, ಉಸಿರು ಎಲ್ಲಿ ಬಿಡಬೇಕು, ಎಲ್ಲವನ್ನೂ ಕೂತಲ್ಲಿಂದಲೇ ಹೇಳಿಕೊಟ್ಟ. ಆ ಕಾಲುಗಳೇ ನಾನೂರು ಮೀಟರ್ ಓಟ ಗೆದ್ದು ಕೋಚ್ ಅವರನ್ನು ಇಲ್ಲಿಯವರೆಗೆ ಕರೆತಂದಿದ್ದವು.

ಕಾಲೇಜಿನ ಕ್ರೀಡಾ ಕೋಟಾದ ಸೀಟಿಗೆ ಅವಳು ತುಂಬಿದ್ದ ಅರ್ಜಿಯನ್ನು ಕೋಚ್ ಬಿಡಿಸಿದರು. ತರಬೇತುದಾರರ ಹೆಸರು ಎಂಬಲ್ಲಿ ಅವಳು ಅಪ್ಪನ ಹೆಸರು ಬರೆದು, ಪಕ್ಕದಲ್ಲಿ ‘ಲಾಂಡ್ರಿ’ ಎಂದು ಸೇರಿಸಿದ್ದಳು.

“ಆಯ್ಕೆ ಸಮಿತಿಯವರು ನಗ್ತಾರಮ್ಮ. ಇಲ್ಲಿ ನನ್ನ ಹೆಸರು ಹಾಕು, ಸೀಟು, ಹಾಸ್ಟೆಲ್ಲು ಎರಡೂ ಖಂಡಿತ. ಇಲ್ದಿದ್ರೆ ನಾನೇನೂ ಹೇಳೋಕಾಗಲ್ಲ.”

“ಹಾಕೇ. ನನ್ನ ಹೆಸರು ಕಟ್ಕೊಂಡು ಯಾರಿಗೇನಾಗಬೇಕು?” ಎಂದ ಅಪ್ಪ, ಬಟ್ಟೆ ಕ್ಲಿಪ್ಪುಗಳನ್ನು ಡಬ್ಬಿಗೆ ತುಂಬುತ್ತ.

ಕೋಚ್ ಪೆನ್ನು ಚಾಚಿದರು. ಆ ಸೀಟು ಅವಳಿಗೆ ಬೇಕಿತ್ತು, ತುಂಬ ಬೇಕಿತ್ತು.

“ಇಲ್ಲ ಸಾರ್,” ಎಂದಳು. “ಬದಲಾಯಿಸಲ್ಲ.”